ನದಿ ಪಾಠಕ್ಕೆ ಪದ್ಯ: ಪ್ರಾಸ ಬಿಡಿ, ನಕ್ಷೆ ಹಿಡಿಯಿರಿ

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆರನೇ ತರಗತಿಗೆ ನದಿಗಳ ಬಗ್ಗೆ ಪಾಠ ಮಾಡಿ, ಮಲಪ್ರಭೆಯ ಮೇಲೆ ಪದ್ಯ ಬರೆಯಿರಿ ಅಂದೆ. ಹೆಚ್ಚಿನವರು ‘ನದಿಯೇ ನದಿಯೇ ನೀನೇ ತಾಯಿ’ ಎಂಬ ಧಾಟಿಯಲ್ಲೇ ಬರೆದರು. ಅದರಲ್ಲಿ ಸಮಾಜ ವಿಜ್ಞಾನ ಎಲ್ಲೂ ಕಾಣಲಿಲ್ಲ. ಪಾಠ ಹಿಂದೆ ಬಿದ್ದಿದೆ ಎಂದು ಮುಖ್ಯ ಗುರುಗಳ ಆಕ್ಷೇಪ ಬೇರೆ. ಮುಂದುವರಿಸಲೇ? ಅಂಕ ಹೇಗೆ ಕೊಡಲಿ?

ಉತ್ತರ: ಮುಂದುವರಿಸಿ. ಆದರೆ ‘ನದಿಯ ಮೇಲೆ’ ಅಂದಕೂಡಲೇ ಮಕ್ಕಳು ಸ್ತುತಿಗೆ ಇಳಿಯುತ್ತಾರೆ. ಭಾಷಣ ಸ್ಪರ್ಧೆಗಳಿಗೆಂದು ನಾವೇ ಹಚ್ಚಿದ ಚಾಳಿ ಅದು. ‘ನಾನು ಮಲಪ್ರಭೆ’ ಎಂದು ಶುರು ಮಾಡಿಸಿ. ಬರೆಯುವ ಮುಂಚೆ ನಕ್ಷೆಯ ಮೇಲೆ ಬೆರಳಿಟ್ಟು ನದಿಯ ಜೊತೆ ಸಂಗಮದವರೆಗೂ ಹೋಗಲಿ. ಕಟ್ಟುಪಾಡು ಒಂದೇ: ಪ್ರತಿ ಸಾಲಿಗೂ ಒಂದು ಊರು, ಅಲ್ಲಿ ನಡೆದ ಒಂದು ಸಂಗತಿ. ಹೀಗೆ:

ಕಣಕುಂಬಿಯಲ್ಲಿ ನನ್ನನ್ನು ನೀವು ಜಿಗಿದು ದಾಟಬಹುದು,
ನವಿಲುತೀರ್ಥದಲ್ಲಿ ಗೋಡೆ ಕಟ್ಟಿ ನಿಲ್ಲಿಸಿದರು,
ಪಟ್ಟದಕಲ್ಲಿನ ಗುಡಿಗಳ ಬಳಿ ಬಡಗಣಕ್ಕೆ ಹೊರಳಿದೆ,
ಕೂಡಲಸಂಗಮದಲ್ಲಿ ನನ್ನ ಹೆಸರು ಬಿಟ್ಟುಕೊಟ್ಟೆ.

ಎರಡನೇ ಸಾಲು ಬರೆದವರನ್ನು ‘ಯಾಕೆ ನಿಲ್ಲಿಸಿದರು?’ ಅಂತ ಕೇಳಿ. ನರಗುಂದ, ನವಲಗುಂದದ ಹೊಲಗಳ ಕಾಲುವೆ, ಹುಬ್ಬಳ್ಳಿ-ಧಾರವಾಡದ ನಲ್ಲಿ ನೀರು, ಎಲ್ಲ ಆ ಗೋಡೆಯ ಹಿಂದಿನಿಂದ ಬರುತ್ತವೆ. ಕೊನೆಯ ಸಾಲು ಬರೆದ ಮಗುವಿಗೆ ಉಪನದಿಯ ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಿಲ್ಲ. ಪ್ರಾಸ ಮಾತ್ರ ಕೇಳಬೇಡಿ. ಪ್ರಾಸ ಕೂಡಲೆಂದು ಮಕ್ಕಳು ನದಿಯನ್ನು ಎಲ್ಲಿಗೆ ಬೇಕಾದರೂ ಹರಿಸಿಬಿಡುತ್ತಾರೆ.

ಇನ್ನೊಂದು ಅವಕಾಶ ನಿಮ್ಮ ಜಿಲ್ಲೆಯಲ್ಲೇ ಇದೆ. ಮಹದಾಯಿಯೂ ಖಾನಾಪುರ ತಾಲ್ಲೂಕಿನಲ್ಲೇ ಹುಟ್ಟುತ್ತದೆ. ಅದು ಪಡುವಣಕ್ಕೆ ಇಳಿದು ಗೋವಾ ಹಾದು ಅರಬ್ಬೀ ಸಮುದ್ರ ಸೇರುತ್ತದೆ. ಮಲಪ್ರಭೆ ಮೂಡಣಕ್ಕೆ ಹರಿದು ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ನದಿ ಕೇಳಲಿ, ಇನ್ನೊಂದು ಉತ್ತರ ಕೊಡಲಿ. ಲಾವಣಿಯ ಹರದೇಶಿ-ನಾಗೇಶಿ ಮೇಳದ ಸವಾಲ್-ಜವಾಬ್ ಕೇಳಿದ ಮಕ್ಕಳಿಗೆ ಈ ಆಟ ಹೇಳಿಕೊಡುವುದೇ ಬೇಡ. (ನೀರಿನ ವ್ಯಾಜ್ಯದ ಮಾತು ಅವರೇ ಎತ್ತಿದರೆ ಬಾಯಿ ಮುಚ್ಚಿಸಬೇಡಿ, ಮನೆಯಲ್ಲಿ ದಿನಾ ಕೇಳುವುದೇ ಅದು.)

ಇತಿಹಾಸದ ಪಾಠಕ್ಕೂ ಹೀಗೆ ಪದ್ಯ ಬರೆಸಿದರೆ ಮಾತ್ರ ತುಸು ಎಚ್ಚರ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು, ಡಿಸೆಂಬರ್‌ನಲ್ಲಿ ಕೋಟೆ ಬಿದ್ದದ್ದು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದದ್ದು ದಾಖಲೆ. ರಾಣಿಯ ಬಾಯಲ್ಲಿ ಮಗು ಹಾಕುವ ಮಾತು ಕಲ್ಪನೆ. ದಾಖಲೆಯ ಸಾಲುಗಳಿಗೆ ಅಡಿಗೆರೆ ಎಳೆಸಿ.

ಇದನ್ನೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಬರೆದುಕೊಂಡರೆ ಬೇರೆ ಪೀರಿಯಡ್ ಹುಡುಕಬೇಕಿಲ್ಲ, ಮುಖ್ಯ ಗುರುಗಳಿಗೂ ತೋರಿಸಲು ಕಡತ ಇರುತ್ತದೆ. ಸೊಗಸಿಗೆ ಅಂಕ ಬೇಡ. ಊರುಗಳ ಕ್ರಮ, ದಿಕ್ಕು, ಕಾರಣ ಸರಿಯಿವೆಯೇ ಅಷ್ಟೇ ನೋಡಿ. ಕಾಗುಣಿತವನ್ನು ಕನ್ನಡದ ಮೇಡಂಗೆ ಬಿಡಿ. ತಪ್ಪಿದ ಸಾಲನ್ನು ನಕ್ಷೆ ನೋಡಿ ತಿದ್ದಿ ತಂದವರಿಗೂ ಪೂರ್ತಿ ಅಂಕ ಕೊಡಿ.