ಅಮ್ಮನ ಭುಜದ ನೋವಿಗೆ ಡ್ರೈ ನೀಡ್ಲಿಂಗ್

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿರುವ ಅಮ್ಮನಿಗೆ ಭುಜದ ನೋವಿಗೆ ಡ್ರೈ ನೀಡ್ಲಿಂಗ್, ಅಂದರೆ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಬಹುದಾ ಅಂತ ಕೇಳಿದ್ದೀರಿ.

ಆ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ರಕ್ತಸ್ರಾವ ಜಾಸ್ತಿಯಾಗಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸುವುದಂತೂ ಬೇಡವೇ ಬೇಡ, ಅದು ಇನ್ನೂ ಅಪಾಯ. ಫಿಸಿಯೋಥೆರಪಿಸ್ಟ್‌ಗೂ ಮಾತ್ರೆಯ ಹೆಸರು ತಿಳಿಸಿ.

ಈ ಸೂಜಿಯಲ್ಲಿ ಔಷಧಿ ಇರುವುದಿಲ್ಲ. ಬಿಗಿದುಕೊಂಡ ಸ್ನಾಯುವಿನ ಗಂಟಿಗೆ ತೆಳು ಸೂಜಿ ಚುಚ್ಚುತ್ತಾರೆ. ಒಮ್ಮೊಮ್ಮೆ ಸ್ನಾಯು ಪಟ್ಟನೆ ಅದುರುತ್ತದೆ, ಗಾಬರಿಯಾಗಬೇಡಿ. ಜೆಕ್ ವೈದ್ಯ ಕರೆಲ್ ಲೆವಿಟ್ 1979ರಲ್ಲೇ ಇದರ ಬಗ್ಗೆ ಬರೆದಿದ್ದರು. ಸೂಜಿ ಹಾಕಿಸಿದ ಮೇಲೆ ಒಂದೆರಡು ದಿನ ಆ ಜಾಗದಲ್ಲಿ ನೋವು, ಸಣ್ಣ ನೀಲಿ ಕಲೆ ಸಾಮಾನ್ಯ.

ನನಗೆ ಜಾಸ್ತಿ ಕಾಳಜಿ ಇರುವುದು ಜಾಗದ ಬಗ್ಗೆ. ಭುಜದ ಮೇಲ್ಭಾಗದ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಆಳಕ್ಕೆ ಹೋದರೆ ಅದಕ್ಕೆ ತೂತು ಬೀಳಬಹುದು. ಅಪರೂಪ, ಆದರೆ ಆಗಿರುವುದುಂಟು. ಹಾಗಾಗಿ ಇದರಲ್ಲೇ ತರಬೇತಿ ಪಡೆದವರಾ ಅಂತ ಕೇಳಿ, ಸಂಕೋಚ ಬೇಡ. ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಲಿ. ಮನೆಗೆ ಬಂದ ಮೇಲೆ ಎದೆ ನೋವು, ಉಸಿರಾಟದ ತೊಂದರೆ ಕಂಡರೆ ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರ್ ಬೇಡ ಅಂದರೆ ಬೇಸರ ಬೇಡ. ಬಿಸಿ ಶಾಖ, ವ್ಯಾಯಾಮ ಇದ್ದೇ ಇದೆ. ಸೂಜಿ ಹಾಕಿಸಿದರೂ ವ್ಯಾಯಾಮ ಬಿಡುವಂತಿಲ್ಲ.