ಪರವಾನಗಿ ಸಿಕ್ಕಿತು, ಹೊಣೆ ಯಾರದು?

‘ಮೂರು ದಿನದ ಗಣಪತಿಗೆ ಠಾಣೆ, ವಿದ್ಯುತ್ ಕಚೇರಿ, ಅಗ್ನಿಶಾಮಕ ಅಂತ ವಾರಗಟ್ಟಲೆ ಅಲೆದೆವು. ಕೊನೆಗೆ ಮುಚ್ಚಳಿಕೆಯನ್ನೂ ಬರೆಸಿಕೊಂಡರು. ಪುಕ್ಕಟೆ ಸೇವೆ ಮಾಡುವವರ ತಲೆಗೇ ಎಲ್ಲ ಹೊಣೆ ಕಟ್ಟುವುದು ನ್ಯಾಯವೇ?’ ಎಂದು ಯುವಕ ಸಂಘವೊಂದರ ಕಾರ್ಯದರ್ಶಿ ಬರೆದಿದ್ದಾರೆ.

ಅಲೆದಾಟದ ಸಿಟ್ಟು ನ್ಯಾಯವಾದದ್ದೇ. ಮುಚ್ಚಳಿಕೆಯ ಮಾತನ್ನು ಮಾತ್ರ ಒಪ್ಪಲಾರೆ. ಪುಕ್ಕಟೆ ಸೇವೆಯೆಂದು ಕಾನೂನು ರಿಯಾಯಿತಿ ಕೊಡುವುದಿಲ್ಲ, ಕೊಡಲೂಬಾರದು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಜೈಲು. ಹಳೆಯ ಐಪಿಸಿಯಲ್ಲಿ 2 ವರ್ಷವಿತ್ತು. ಪರವಾನಗಿ ಪತ್ರ ತೋರಿಸಿದರೆ ಆಗ ಬಚಾವಾಗುವಂತಿಲ್ಲ. ಅದರಲ್ಲಿರುವ ಷರತ್ತುಗಳನ್ನು ನಿಮ್ಮ ಸಂಘದಲ್ಲಿ ಎಷ್ಟು ಜನ ಓದಿದ್ದಾರೆ?

ಪೆಂಡಾಲಿನ ವೈರಿಂಗ್ ನೋಡಿ. ಎರಡು ವೈರು ಹೊಸೆದು ಟೇಪು ಸುತ್ತಿ ಕಬ್ಬಿಣದ ಕಂಬಕ್ಕೆ ಕಟ್ಟಿರುತ್ತಾರೆ. ರಾತ್ರಿ ಜಿಟಿಜಿಟಿ ಮಳೆ ಬಂದರೆ ಕಂಬಕ್ಕೆ ಕರೆಂಟು ಇಳಿಯುತ್ತದೆ. ‘ಎಂಸಿಬಿ ಹಾಕಿದ್ದೇವಲ್ಲ’ ಅನ್ನುತ್ತೀರಿ. ಲೋಡು ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು ಅದು. 16 ಆಂಪಿಯರಿನ ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಎದೆ ನಿಲ್ಲಿಸಲು 100 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ಅಷ್ಟಕ್ಕೆ ಎಂಸಿಬಿ ಮಿಸುಕುವುದೂ ಇಲ್ಲ. ಬೇಕಾದದ್ದು ಆರ್‌ಸಿಸಿಬಿ, ಅಂದರೆ 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಬಿದ್ದು ಲೈನ್ ಕಡಿಯುವ ಸ್ವಿಚ್ಚು. ಜೊತೆಗೆ ಕಂಬಗಳಿಗೂ ಜನರೇಟರಿಗೂ ಅರ್ಥಿಂಗ್ ಇರಲಿ. ದಿನಾ ಸಂಜೆ ದೀಪ ಹಾಕುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಮೇಲೆ ವಿದ್ಯುತ್ ಲೈನ್ ಇರುವಲ್ಲಿ ಪೆಂಡಾಲೂ ಬೇಡ, ಕಟೌಟೂ ಬೇಡ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಕರೆಂಟ್ ಹೊಡೆದು ಮೂವರು ಹುಡುಗರು ಹೋದರು.

ಇನ್ನು ಬಾಗಿಲು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿತ್ತು. ಸಿಂಥೆಟಿಕ್ ಬಟ್ಟೆ ಉರಿದು ಕರಗಿ ಜನರ ಮೇಲೇ ಸುರಿಯಿತು. ಹೊರಬರಲು ಒಂದೇ ದಾರಿ. ಸತ್ತವರು 400ಕ್ಕೂ ಹೆಚ್ಚು, ಬಹುಪಾಲು ಮಕ್ಕಳು. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 80 ಜನ ದಾಟಬಹುದು. ಸಾವಿರ ಜನ ಎರಡೂವರೆ ನಿಮಿಷದಲ್ಲಿ ಹೊರಬೀಳಬೇಕಾದರೆ 5 ಮೀಟರ್ ಬೇಕು, ಅದೂ ಬೇರೆ ಬೇರೆ ದಿಕ್ಕಿಗೆ. ನಮ್ಮಲ್ಲಿ ಆ ಜಾಗದಲ್ಲೇ ಚಪ್ಪಲಿ ರಾಶಿ, ಬೈಕು, ಪಾನಿಪುರಿ ಗಾಡಿ.

ಬೇಸರವಾಗುವುದು ಇದಕ್ಕೇ. ಹಾರ ತುರಾಯಿಗೆ, ರಾತ್ರಿ 10ಕ್ಕೆ ನಿಲ್ಲಿಸಬೇಕಾದ ಡಿಜೆಗೆ ಸಂಘಗಳಲ್ಲಿ ದುಡ್ಡಿರುತ್ತದೆ. ಒಂದು ಆರ್‌ಸಿಸಿಬಿ ಕೇಳಿದರೆ ‘ಮುಂದಿನ ವರ್ಷ ನೋಡೋಣ’. ಅನಾಹುತವಾದ ಮೇಲೆ ವಿಧಿಯಾಟ ಅಂತ ಫ್ಲೆಕ್ಸ್ ಹಾಕುತ್ತೇವೆ, ಸರ್ಕಾರ ಪರಿಹಾರ ಘೋಷಿಸುತ್ತದೆ, ಮರುವರ್ಷ ಅದೇ ವೈರು ಅದೇ ಕಂಬಕ್ಕೆ.

ನಿಮ್ಮ ಕಾಗದದಲ್ಲಿ ಕಾಳಜಿ ಕಾಣುತ್ತದೆ, ಅದಕ್ಕೇ ಇಷ್ಟು ಹೇಳಿದೆ. ಮುಂದಿನ ಸಲ ಚಂದಾ ಪುಸ್ತಕ ಅಚ್ಚು ಹಾಕಿಸುವ ಮೊದಲು ಮೇನ್ ಸ್ವಿಚ್ ಹತ್ತಿರ ಕೂರುವವನ ಹೆಸರು, ಪ್ರತಿ ಬಾಗಿಲಲ್ಲಿ ನಿಲ್ಲುವವನ ಹೆಸರು ಸಭೆಯ ನಡಾವಳಿಯಲ್ಲಿ ಬರೆಯಿರಿ. ಜನ ಖಾಲಿಯಾಗುವವರೆಗೆ ಅವರು ಪ್ರಸಾದದ ಸಾಲಿಗೂ ಹೋಗುವಂತಿಲ್ಲ.