ತಿಂಗಳ ಖರ್ಚಿನ ದುಡ್ಡು 20ನೇ ತಾರೀಕಿಗೇ ಏಕೆ ಮುಗಿದುಹೋಗುತ್ತದೆ?

ನೀವು ದುಂದುಗಾರರು ಅಂತೇನೂ ಅಲ್ಲ. ಇಡೀ ತಿಂಗಳ ದುಡ್ಡು ಒಂದೇ ಮೊತ್ತವಾಗಿ ಕಾಣುತ್ತದೆ, ತೊಂದರೆ ಇರುವುದು ಅಲ್ಲೇ. 1ನೇ ತಾರೀಕು ಖಾತೆ ನೋಡಿದರೆ ಕೈತುಂಬ ಇದೆ ಅನಿಸುತ್ತದೆ, ಅಲ್ವಾ? ಆದರೆ ರೂಮಿನ ಬಾಡಿಗೆ, ಪರೀಕ್ಷೆ ಫೀಸು, ಮೊಬೈಲ್ ರೀಚಾರ್ಜ್ ಎಲ್ಲ ಅದರೊಳಗೇ ಅಡಗಿ ಕೂತಿರುತ್ತವೆ.

ನಾವು ದುಡ್ಡನ್ನು ಮನಸ್ಸಿನಲ್ಲೇ ಬೇರೆ ಬೇರೆ ಡಬ್ಬಿಗಳಿಗೆ ಹಾಕಿ ನೋಡುತ್ತೇವೆ. ಇದನ್ನು ವಿವರಿಸಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ‘ಬಾಡಿಗೆ’ ಅಂತ ಹೆಸರಿಟ್ಟ ದುಡ್ಡನ್ನು ಮುಟ್ಟಲು ಕೈ ಹಿಂಜರಿಯುತ್ತದೆ. ಹೆಸರಿಲ್ಲದ ದುಡ್ಡು ಸುಮ್ನೆ ಕರಗುತ್ತದೆ.

ಹಾಗಾಗಿ ದುಡ್ಡು ಬಂದ ದಿನವೇ ಕಟ್ಟಲೇಬೇಕಾದದ್ದನ್ನು ಇನ್ನೊಂದು ಖಾತೆಗೆ ಹಾಕಿಬಿಡಿ. ಉಳಿದದ್ದನ್ನು 4 ಅಲ್ಲ, 5 ಪಾಲು ಮಾಡಿ. ವಾರಕ್ಕೊಂದು ಪಾಲು ಮಾತ್ರ ಕೈಗೆ ಬರಲಿ. 30 ದಿನವೆಂದರೆ 4 ವಾರದ ಮೇಲೆ 2 ದಿನ. ಗೆಳೆಯರ ಹತ್ತಿರ ಸಾಲ ಕೇಳುವುದು ಜಾಸ್ತಿ ಆ ಕೊನೆಯ ದಿನಗಳಲ್ಲೇ. ಐದನೇ ಪಾಲು ಅದಕ್ಕೆ, ಜೊತೆಗೆ ಚಪ್ಪಲಿ ಕಿತ್ತುಹೋಗುವಂಥ ಖರ್ಚಿಗೆ.

ಪ್ರತಿ ಖರ್ಚನ್ನೂ ಬರೆದಿಡುವುದು ಒಳ್ಳೆಯದೇ. ನನ್ನ ಕೈಲಂತೂ ಹತ್ತು ದಿನಕ್ಕಿಂತ ಹೆಚ್ಚು ಆಗಲಿಲ್ಲ.